ಎದುರಿನ ಬಟ್ಟೆ ಶೋರೂಮ್ ಲೈಟು ರಾತ್ರಿಯೆಲ್ಲಾ ಮನೆಯೊಳಗೆ, ಏನ್ ಮಾಡೋದು?

ಮೂರನೇ ಮಹಡಿ:
ಹಾಸನದಲ್ಲಿ ನಮ್ಮನೆ ಎದುರಿಗೆ ದೊಡ್ಡ ಬಟ್ಟೆ ಶೋರೂಮ್ ಆಗಿದೆ, ಪಾರ್ಕಿಂಗ್‌ಗೆ ಅಂತ ನಾಲ್ಕು ಎಲ್ಇಡಿ ಫ್ಲಡ್‌ಲೈಟ್ ಹಾಕಿದಾರೆ, ಅಂಗಡಿ 9:30ಕ್ಕೇ ಬಾಗಿಲು ಹಾಕಿದ್ರೂ ಲೈಟು ಬೆಳಗಿನ ತನಕ ಉರೀತಾನೇ ಇರತ್ತೆ, ಎರಡೆರಡು ಕರ್ಟನ್ ಹಾಕಿದ್ರೂ ಅಮ್ಮಂಗೆ ನಿದ್ದೆ ಇಲ್ಲ. ಮಗಳಿಗೆ ಕೃತ್ತಿಕೆ ತೋರಿಸೋಣ ಅಂತ ತಾರಸಿಗೆ ಹೋದ್ರೆ ಆಕಾಶ ಪೂರ್ತಿ ಮಜ್ಜಿಗೆ ನೀರು. ವಾಚ್‌ಮನ್ ಕೇಳಿದ್ರೆ "ಅದು ಟೈಮರ್ ಸಾರ್, ನಂಗೊತ್ತಿಲ್ಲ" ಅಂತಾನೆ. ಕಂಪ್ಲೇಂಟ್ ಎಲ್ಲಿ ಕೊಡೋದು?

ವೈರಿಂಗ್ ಮಂಜ:
ಕಂಪ್ಲೇಂಟ್ ಆಮೇಲೆ, ಮೊದಲು ಲೈಟ್ ಯಾವ ಕಡೆ ಮುಖ ಮಾಡಿದೆ ನೋಡಿ. ಕಂಬ ಕಮ್ಮಿ ಹಾಕಿ ಜಾಸ್ತಿ ಜಾಗ ಕವರ್ ಮಾಡ್ಬೇಕು ಅಂತ ನಮ್ ಫೀಲ್ಡಲ್ಲಿ ಫ್ಲಡ್‌ಲೈಟ್ ಎತ್ತಿ ಕೂರಿಸ್ತಾರೆ, ಅರ್ಧ ಬೆಳಕು ನೆಲಕ್ಕೆ ಬೀಳೋದೇ ಇಲ್ಲ, ನಿಮ್ಮನೆ ಗೋಡೆಗೆ ಹೋಗತ್ತೆ. ಬ್ರಾಕೆಟ್ ಬೋಲ್ಟ್ ಸಡಿಲ ಮಾಡಿ ಕೆಳಗೆ ಬಗ್ಗಿಸಿದ್ರೆ ಅವ್ರಿಗೂ ಪಾರ್ಕಿಂಗ್ ಚೆನ್ನಾಗಿ ಕಾಣತ್ತೆ, ಐದು ನಿಮಿಷದ ಕೆಲಸ ಗುರು. ಇನ್ನೊಂದು, ಆ ನೀಲಿ ಬಿಳಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ನಂಬರ್ ಕಮ್ಮಿ ಆದಷ್ಟೂ ಹಳದಿ) ಬದಲು 3000ದ ವಾರ್ಮ್ ವೈಟ್ ಹಾಕ್ಸಿ ಅನ್ನಿ. ನೀಲಿ ಬೆಳಕು ಗಾಳೀಲಿ ಜಾಸ್ತಿ ಚದುರತ್ತೆ, ಹಗಲು ಆಕಾಶ ನೀಲಿ ಕಾಣೋದೂ ಅದಕ್ಕೇ ಅಲ್ವಾ.

ಕೋರ್ಟು ಕಚೇರಿ:
ನಮ್ಮಲ್ಲಿ ಬೆಳಕಿನ ಮಾಲಿನ್ಯಕ್ಕೆ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಕ್ರಿಮಿನಲ್ ಪ್ರಕ್ರಿಯೆ ಕಾಯ್ದೆಯಲ್ಲಿ (ಹಳೇ ಸಿಆರ್‌ಪಿಸಿ ಸೆಕ್ಷನ್ 133, ಈಗ ಬಿಎನ್‌ಎಸ್‌ಎಸ್ ಸೆಕ್ಷನ್ 152) ಸಾರ್ವಜನಿಕ ಉಪದ್ರವ ಅಂತ ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಅರ್ಜಿ ಹಾಕ್ಬಹುದು, ಆದ್ರೆ ಒಬ್ರೇ ಹೋದ್ರೆ "ನಿಮ್ ನಿಮ್ ಜಗಳ" ಅಂತಾರೆ, ಬೀದಿಯವ್ರೆಲ್ಲ ಸೈನ್ ಹಾಕಿರ್ಬೇಕು. ಫ್ರಾನ್ಸಲ್ಲಿ 2013ರಿಂದ್ಲೇ ಅಂಗಡಿ ಶೋಕೇಸ್ ಲೈಟು ರಾತ್ರಿ 1ರೊಳಗೆ ಆಫ್ ಆಗ್ಬೇಕು ಅಂತ ರೂಲ್ ಇದೆ.

ಅಂಗಡಿಯವ್ನು:
ಎಲ್ರೂ ಆಫ್ ಮಾಡಿ ಅಂತೀರಾ, ಕಳ್ಳತನ ಆದ್ರೆ ನೀವ್ ಕೊಡ್ತೀರಾ?

ವೈರಿಂಗ್ ಮಂಜ:
ಅಣ್ಣಾ ಆಫ್ ಮಾಡಿ ಅಂದಿದ್ದು ಯಾರು? ಕಣ್ಣಿಗೆ ಕುಕ್ಕೋ ಲೈಟ್ ಪಕ್ಕದ ಕತ್ತಲಲ್ಲಿ ಆಳು ನಿಂತ್ರೂ ಕಾಣಲ್ಲ. ಮೋಷನ್ ಸೆನ್ಸರ್ ಹಾಕ್ಸಿ, ಯಾರಾದ್ರೂ ಬಂದಾಗ ಫಕ್ ಅಂತ ಹತ್ಕೊಂಡ್ರೆ ಕಳ್ಳನ ಎದೆ ಒಡಿಯತ್ತೆ.

ತಾರಸಿ ದುರ್ಬೀನು:
ಕೃತ್ತಿಕೆ ಅಂದ್ರಲ್ಲ, ಹೊಟ್ಟೆ ಉರೀತು. ಲಡಾಖಿನ ಹಾನ್ಲೆಯಲ್ಲಿರೋ 2 ಮೀಟರ್ ಟೆಲಿಸ್ಕೋಪನ್ನ ನಮ್ಮ ಹೊಸಕೋಟೆಯಿಂದ ಕೂತು ನಡೆಸ್ತಾರೆ, ಅಲ್ಲಿ 2022ರಲ್ಲಿ ಡಾರ್ಕ್ ಸ್ಕೈ ರಿಸರ್ವ್ (ರಾತ್ರಿ ಆಕಾಶ ಕತ್ತಲಾಗೇ ಇರ್ಲಿ ಅಂತ ಕಾಪಾಡೋ ಜಾಗ) ಆದ್ಮೇಲೆ ಹಳ್ಳಿ ಜನ ಕಿಟಕಿಗೆ ದಪ್ಪ ಪರದೆ ಹಾಕಿ ಬೆಳಕು ಹೊರಗೆ ಹೋಗದಂಗೆ ನೋಡ್ಕೋತಾರೆ. ನಾವು ಬೆಳಕು ಒಳಗೆ ಬರ್ಬಾರ್ದು ಅಂತ ಪರದೆ ಹಾಕ್ತೀವಿ 😄

ಮೂರನೇ ಮಹಡಿ:
ಅಪ್‌ಡೇಟ್. ಶೋರೂಮ್ ಮ್ಯಾನೇಜರ್‌ನ ಮನೆಗೆ ಕರೆದು ಕಾಫಿ ಕೊಟ್ಟು ಅಮ್ಮನ ರೂಮಲ್ಲಿ ಲೈಟ್ ಆಫ್ ಮಾಡಿ ಕೂರಿಸ್ದೆ, ಪೇಪರ್ ಓದ್ಬಹುದಾಗಿತ್ತು, ಪಾಪ ಅವ್ರಿಗೇ ಮುಜುಗರ ಆಯ್ತು. ಮಾರನೇ ದಿನ ಮಂಜಣ್ಣ ಹೇಳ್ದಂಗೆ ಎರಡು ಲೈಟ್ ಬಗ್ಗಿಸಿದ್ರು, ಇನ್ನೆರಡು 11ಕ್ಕೆ ಆಫ್. ಈಗ ಉಳಿದಿರೋದು ಅಂಗಡಿ ಹೆಸರಿನ ಕೆಂಪು ಬೋರ್ಡು, ಅದನ್ನ ಹೆಡ್ ಆಫೀಸ್ ಕೇಳ್ಬೇಕಂತೆ. ಅಮ್ಮನ ರೂಮ್ ಸದ್ಯಕ್ಕೆ ರೋಸ್ ಮಿಲ್ಕ್ ಕಲರ್.