ಪಿ.ಬಿ. ಶ್ರೀನಿವಾಸ್ ಅವರ ನೆನಪಿನ ಸಂಜೆಗೆ ಯಾವ ಹಾಡುಗಳನ್ನು ಆರಿಸಿಕೊಳ್ಳೋಣ?

ತಂಗಾಳಿ ಅವರ ಪ್ರಶ್ನೆ

ಬರುವ ಸೆಪ್ಟೆಂಬರ್ 22ರಂದು, ಹಿನ್ನೆಲೆ ಗಾಯಕ ಪಿ.ಬಿ. ಶ್ರೀನಿವಾಸ್ ಅವರ ಜನ್ಮದಿನದ ಸಂಜೆ, ನಾವು ಕೆಲವು ಗೆಳೆಯರು ಸೇರಿ ಅವರ ಹಾಡುಗಳ ಒಂದು ಪುಟ್ಟ ಕಾರ್ಯಕ್ರಮವನ್ನು ನಡೆಸಬೇಕೆಂದಿದ್ದೇವೆ. ಹಾಡುವವರೂ ಕೇಳಲು ಬರುವವರೂ ಬಹುಪಾಲು ಚಿಕ್ಕ ವಯಸ್ಸಿನವರು. 2013ರ ಏಪ್ರಿಲ್ 14ರಂದು ಪಿ.ಬಿ.ಎಸ್. ತೀರಿಕೊಂಡಾಗ ಇವರಲ್ಲಿ ಅನೇಕರು ಇನ್ನೂ ಶಾಲೆಯಲ್ಲಿದ್ದರು. ಇವರಿಗೆ ಹಾಡುಗಳು ಚೆನ್ನಾಗಿ ಗೊತ್ತು, ಹಾಡಿದವರು ಗೊತ್ತಿಲ್ಲ. ‘ಕಸ್ತೂರಿ ನಿವಾಸ’ದ ‘ಆಡಿಸಿ ನೋಡು ಬೀಳಿಸಿ ನೋಡು’ ಹಾಡನ್ನು ಡಾ. ರಾಜ್‌ಕುಮಾರ್ ಅವರೇ ಹಾಡಿದ್ದಾರೆಂದು ನಂಬಿರುವವರು ನಮ್ಮ ಗುಂಪಿನಲ್ಲೇ ಇದ್ದಾರೆ. ಮೊಬೈಲ್ ಆಪ್‌ಗಳಲ್ಲಿ ಈ ಹಾಡುಗಳೆಲ್ಲ ರಾಜ್ ಅವರ ಭಾವಚಿತ್ರದ ಕೆಳಗೆ ಸಿಗುತ್ತವೆಯಾದ್ದರಿಂದ ಅವರನ್ನು ದೂರುವಂತೆಯೂ ಇಲ್ಲ.

ಸಮಯ ಒಂದೂವರೆ ಗಂಟೆ. ಆ ಕಂಠವನ್ನು ಪರದೆಯ ಮೇಲಿನ ಮುಖದಿಂದ ಬಿಡಿಸಿ, ಅದರಷ್ಟಕ್ಕೆ ಅದನ್ನು ಕೇಳಿಸಬೇಕೆಂಬುದು ನನ್ನ ಆಸೆ. ಹಾಗೆಂದು ರಾಜ್ ಅವರ ಚಿತ್ರಗಳ ಹಾಡುಗಳನ್ನು ಬಿಟ್ಟರೆ ಪಿ.ಬಿ.ಎಸ್. ಅವರ ಅರ್ಧ ಜೀವಮಾನವನ್ನೇ ಬಿಟ್ಟಂತಾಗುತ್ತದೆ. ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಬಿಡಲೇಬಾರದು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಆಕಾಶವಾಣಿ ಕೇಳುಗ ಅವರ ಉತ್ತರ

ಬಹಳ ಸಂತೋಷದ ಸುದ್ದಿ. ನಮ್ಮ ಕಾಲದಲ್ಲಿ ಈ ಗೊಂದಲ ಇರಲಿಲ್ಲ, ಏಕೆಂದರೆ ರೇಡಿಯೊದಲ್ಲಿ ಪ್ರತಿ ಹಾಡಿಗೂ ಮೊದಲು ಚಿತ್ರದ ಹೆಸರು, ಸಾಹಿತ್ಯ ಬರೆದವರು, ಸಂಗೀತ ನೀಡಿದವರು, ಹಾಡಿದವರು ಎಂದು ಉದ್ಘೋಷಕರು ಒಂದೊಂದಾಗಿ ಹೇಳುತ್ತಿದ್ದರು. ಚಿತ್ರವನ್ನು ಕಣ್ಣಾರೆ ಕಾಣುವುದಕ್ಕೆ ಎಷ್ಟೋ ಮೊದಲೇ ನಮಗೆ ಗಾಯಕರ ಹೆಸರು ಬಾಯಿಪಾಠವಾಗಿರುತ್ತಿತ್ತು. ನಿಮ್ಮ ಕಾರ್ಯಕ್ರಮದಲ್ಲಿಯೂ ಇದೇ ಪದ್ಧತಿಯನ್ನು ಇಟ್ಟುಕೊಳ್ಳಿ. ನಿರೂಪಕರು ಉದ್ದುದ್ದ ಹೊಗಳಿಕೆಯ ಮಾತುಗಳನ್ನು ಆಡುವುದಕ್ಕಿಂತ ಈ ನಾಲ್ಕು ಹೆಸರುಗಳನ್ನು ಸ್ಪಷ್ಟವಾಗಿ ಹೇಳುವುದು ಮೇಲು.

ಆರಂಭಕ್ಕೆ ನನ್ನ ಆಯ್ಕೆ 1960ರ ‘ಭಕ್ತ ಕನಕದಾಸ’ ಚಿತ್ರದ ‘ಬಾಗಿಲನು ತೆರೆದು’. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿದ ಶ್ರೀನಿವಾಸ್ ಅವರು, ವೀಣಾ ವಿದ್ವಾಂಸ ಈಮನಿ ಶಂಕರಶಾಸ್ತ್ರಿಗಳ ಮೂಲಕ ಜೆಮಿನಿ ಸ್ಟುಡಿಯೊ ಪ್ರವೇಶಿಸಿ, 1952ರ ಹಿಂದಿ ಚಿತ್ರ ‘ಮಿಸ್ಟರ್ ಸಂಪತ್’ಗೆ ಹಾಡಿದರು, ಮರುವರ್ಷವೇ ‘ಜಾತಕಫಲ’ದ ಮೂಲಕ ಕನ್ನಡಕ್ಕೆ ಬಂದರು. ಆದರೆ ಕನ್ನಡಿಗರು ಅವರನ್ನು ತಮ್ಮವರೆಂದು ಅಪ್ಪಿಕೊಂಡದ್ದು ಕನಕದಾಸರ ಆ ಕೀರ್ತನೆಯಿಂದ ಎಂದೇ ನಾನು ತಿಳಿದಿದ್ದೇನೆ. ಅಲ್ಲಿಂದ 1974ರವರೆಗೆ ರಾಜ್ ಅವರು ಬೆಳ್ಳಿತೆರೆಯಲ್ಲಿ ಹಾಡಿದರೆಂದರೆ ಅದು ಪಿ.ಬಿ.ಎಸ್. ಅವರ ದನಿ ಎಂಬಷ್ಟು ಇಬ್ಬರೂ ಒಂದಾಗಿಬಿಟ್ಟರು. ಶರೀರ ತನ್ನದು, ಶಾರೀರ ಶ್ರೀನಿವಾಸ್ ಅವರದು ಎಂದು ರಾಜ್ ಅವರೇ ಹೇಳುತ್ತಿದ್ದರು.

1974ರಲ್ಲಿ ‘ಸಂಪತ್ತಿಗೆ ಸವಾಲ್’ ಚಿತ್ರಕ್ಕೆ ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ರಾಜ್ ಅವರೇ ‘ಯಾರೇ ಕೂಗಾಡಲಿ’ ಹಾಡಿದರು. ಅನಂತರ ಅವರ ಹಾಡುಗಳನ್ನು ಬಹುಮಟ್ಟಿಗೆ ಅವರೇ ಹಾಡತೊಡಗಿದರು. ಅದಕ್ಕಾಗಿ ನನಗೆ ಯಾರ ಮೇಲೂ ಬೇಸರವಿಲ್ಲ, ಗುಬ್ಬಿ ನಾಟಕ ಕಂಪನಿಯ ರಂಗದ ಮೇಲೆ ಹಾಡಿ ಪಳಗಿದ ರಾಜ್ ಅವರ ಕಂಠ ನಮಗೆ ದೊರೆತದ್ದು ನಾಡಿನ ಭಾಗ್ಯವೇ. ಆದರೆ ತನ್ನ ಪಾಲಿನ ದೊಡ್ಡ ಕೆಲಸವೊಂದು ಹೀಗೆ ಕೈಬಿಟ್ಟು ಹೋದಾಗಲೂ ರಾಜ್ ಅವರನ್ನು ಗೌರವದಿಂದಲೇ ನೆನೆಯುತ್ತಿದ್ದ ಪಿ.ಬಿ.ಎಸ್. ಅವರ ದೊಡ್ಡತನವನ್ನು ನಿಮ್ಮ ನಿರೂಪಕರು ಒಂದು ಮಾತಿನಲ್ಲಾದರೂ ಹೇಳಲಿ.

ಮಂದ್ರ ಅವರ ಉತ್ತರ

ಹಿರಿಯರು ಹೇಳಿದ ಇತಿಹಾಸವನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಆರಂಭದ ಹಾಡಿನ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ. ಭಕ್ತಿಗೀತೆಯಿಂದ ಆರಂಭಿಸಿದರೆ ಹುಡುಗರು ಅದನ್ನು ಪ್ರಾರ್ಥನೆ ಎಂದುಕೊಂಡು ಕೈಮುಗಿದು ಕುಳಿತುಬಿಡುತ್ತಾರೆ, ಕಂಠದ ಕಡೆಗೆ ಅವರ ಗಮನ ಹೋಗುವುದಿಲ್ಲ. ‘ಎರಡು ಕನಸು’ ಚಿತ್ರದ ‘ಎಂದೆಂದೂ ನಿನ್ನನು ಮರೆತು’ ಹಾಡಿನಿಂದ ಆರಂಭಿಸಿ. ರಾಜನ್–ನಾಗೇಂದ್ರ ಅವರ ಸಂಗೀತದ ಆ ಯುಗಳಗೀತೆಯಲ್ಲಿ ವಾಣಿ ಜಯರಾಂ ಅವರ ತಿಳಿಯಾದ ಎತ್ತರದ ದನಿಯ ಪಕ್ಕದಲ್ಲಿ ಪಿ.ಬಿ.ಎಸ್. ಅವರ ದನಿ ಬರುವುದರಿಂದ, ಅದು ಎಷ್ಟು ಕೆಳಗೆ, ಎಷ್ಟು ನಿರಾಳವಾಗಿ ಕುಳಿತಿದೆ ಎಂಬುದು ಸಂಗೀತ ತಿಳಿಯದವರಿಗೂ ಥಟ್ಟನೆ ಕೇಳಿಸುತ್ತದೆ.

ಒಂದು ಸೂಕ್ಷ್ಮವನ್ನು ಗಮನಿಸಿ. ಮೊದಲ ಪದದ ಕೊನೆಯ ದೀರ್ಘಸ್ವರದ ಮೇಲೆ ಯಾವ ಗಾಯಕನಿಗಾದರೂ ಒಂದಿಷ್ಟು ಒತ್ತು ಕೊಡಬೇಕು, ಒಂದು ಗಮಕದ ಕುಸುರಿ ಮಾಡಬೇಕು ಎಂದು ಆಸೆಯಾಗುತ್ತದೆ. ಪಿ.ಬಿ.ಎಸ್. ಅದನ್ನು ಎಳೆಯುವುದಿಲ್ಲ, ಅಲುಗಿಸುವುದಿಲ್ಲ. ಮಾತಾಡುವಾಗ ಆ ಸ್ವರ ಎಷ್ಟು ಉದ್ದ ಇರುತ್ತದೋ ಅದಕ್ಕಿಂತ ಕೊಂಚವೇ ಹೆಚ್ಚು ಹಿಡಿದು ಬಿಟ್ಟುಕೊಡುತ್ತಾರೆ. ಹಾಡುತ್ತಿದ್ದಾರೆ ಎನ್ನುವುದಕ್ಕಿಂತ ಎದುರಿಗೆ ಕುಳಿತವರಿಗೆ ಹೇಳುತ್ತಿದ್ದಾರೆ ಎನಿಸುವುದು ಇದರಿಂದಲೇ. ತಾಯಿನುಡಿ ತೆಲುಗಾಗಿದ್ದವರು ಕನ್ನಡದ ಹ್ರಸ್ವ–ದೀರ್ಘಗಳನ್ನೂ ಒತ್ತಕ್ಷರಗಳನ್ನೂ ಇಷ್ಟು ಶುದ್ಧವಾಗಿ ನುಡಿದದ್ದು ಅವರ ಸಾಧನೆಯ ದೊಡ್ಡ ಪಾಲು.

ಅದೇ ಚಿತ್ರದ ‘ಬಾಡಿ ಹೋದ ಬಳ್ಳಿಯಿಂದ’ ಹಾಡನ್ನೂ ತಪ್ಪದೆ ಸೇರಿಸಿ. ಅಷ್ಟೊಂದು ದುಃಖದ ಹಾಡಿನಲ್ಲಿ ಅವರು ಎಲ್ಲಿಯೂ ಬಿಕ್ಕುವುದಿಲ್ಲ. ದುಃಖವನ್ನು ನಟಿಸಲು ಪರದೆಯ ಮೇಲೆ ಒಬ್ಬ ಮಹಾನಟ ಇದ್ದಾನೆ, ಅವನಿಗೆ ಜಾಗ ಬಿಡಬೇಕು ಎಂಬ ಅರಿವು ಆ ದನಿಯಲ್ಲಿದೆ. ಕೇಳುಗರು ಇಂದಿಗೂ ಹಾಡಿದವರು ರಾಜ್ ಎಂದೇ ನಂಬುವುದಕ್ಕೆ ಇದೇ ಕಾರಣ. ನನ್ನ ದೃಷ್ಟಿಯಲ್ಲಿ ಹಿನ್ನೆಲೆ ಗಾಯಕನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇರೊಂದಿಲ್ಲ, ಹಾಗೆಯೇ ಅವನ ಹೆಸರು ಮರೆಯಾಗಲು ಇದಕ್ಕಿಂತ ಹತ್ತಿರದ ದಾರಿಯೂ ಇಲ್ಲ.

ಬೆಳ್ಳಿತೆರೆ ಅವರ ಉತ್ತರ

ಇಬ್ಬರ ಮಾತೂ ಚೆನ್ನಾಗಿದೆ, ಆದರೂ ಚರ್ಚೆ ರಾಜ್ ಅವರ ಚಿತ್ರಗಳ ಸುತ್ತಲೇ ಸುತ್ತುತ್ತಿದೆ. ಮುಖದಿಂದ ದನಿಯನ್ನು ಬಿಡಿಸಬೇಕೆಂಬುದು ತಂಗಾಳಿ ಅವರ ಉದ್ದೇಶವಾದರೆ, ಅತ್ಯಂತ ಸುಲಭದ ಮಾರ್ಗವೆಂದರೆ ಬೇರೆ ಮುಖಗಳಿಗೆ ಅವರು ಹಾಡಿದ್ದನ್ನು ಕೇಳಿಸುವುದು. 1972ರ ‘ನಾಗರಹಾವು’ ಚಿತ್ರದ ‘ಬಾರೇ ಬಾರೇ’ ಹಾಡಿನಲ್ಲಿ ಹೊಸ ನಾಯಕ ವಿಷ್ಣುವರ್ಧನ್ ಅವರಿಗೆ ಅವರದೇ ದನಿ. ಅದೇ ಚಿತ್ರದಲ್ಲಿ ಓಬವ್ವನ ಕಥೆ ಹೇಳುವ ‘ಕನ್ನಡ ನಾಡಿನ ವೀರ ರಮಣಿಯ’ ಹಾಡೂ ಅವರದೇ. ಒಂದು ಮೆಲುದನಿಯ ಪ್ರೇಮ, ಇನ್ನೊಂದು ಲಾವಣಿಯ ಗತ್ತು. ಪಿ.ಬಿ.ಎಸ್. ಎಂದರೆ ಮೃದುತ್ವ ಮಾತ್ರ ಎನ್ನುವವರಿಗೆ ಇವೆರಡನ್ನು ಒಂದರ ಹಿಂದೆ ಒಂದು ಹಾಡಿಸಿದರೆ ಸಾಕು.

ವಿಜಯಭಾಸ್ಕರ್ ಅವರ ಸಂಗೀತದಲ್ಲಿ ಬೇಂದ್ರೆಯವರ ಕವಿತೆಗಳನ್ನು ಅವರು ಹಾಡಿರುವುದನ್ನು ಮರೆಯಲೇಬಾರದು. ‘ಅರಿಶಿನ ಕುಂಕುಮ’ದ ‘ಇಳಿದು ಬಾ ತಾಯಿ’, ‘ಶರಪಂಜರ’ದಲ್ಲಿ ಪಿ. ಸುಶೀಲಾ ಅವರೊಂದಿಗಿನ ‘ಉತ್ತರಧ್ರುವದಿಂ ದಕ್ಷಿಣಧ್ರುವಕೂ’, ಇವೆರಡರಲ್ಲಿ ಒಂದಾದರೂ ಇರಲಿ. ಬೇಂದ್ರೆಯವರ ಸಾಲುಗಳು ನಾಲಿಗೆಗೆ ಸುಲಭವಲ್ಲ. ಅವು ಮನೆಮನೆಯ ಹಾಡಾದುದರಲ್ಲಿ ಆ ಸ್ಪಷ್ಟ ಉಚ್ಚಾರಣೆಯ ಪಾಲು ಬಹಳ ಇದೆ.

ಅವಕಾಶವಿದ್ದರೆ ಒಂದು ತಮಿಳು ಹಾಡು. ತಮಿಳಿನಲ್ಲಿ ಅವರು ನಟ ಜೆಮಿನಿ ಗಣೇಶನ್ ಅವರ ದನಿಯೆಂದೇ ಹೆಸರಾದವರು. 1962ರ ‘ಸುಮೈತಾಂಗಿ’ ಚಿತ್ರಕ್ಕೆ ಕಣ್ಣದಾಸನ್ ಬರೆದ ‘ಮಯಕ್ಕಮಾ ಕಲಕ್ಕಮಾ’ ಹಾಡನ್ನು ಕೇಳಿದ ಮೇಲೆಯೇ, ಅವಕಾಶಗಳಿಲ್ಲದೆ ಬೇಸತ್ತು ಮದರಾಸನ್ನು ಬಿಟ್ಟು ಹೊರಡಲಿದ್ದ ಕವಿ ವಾಲಿ ತಮ್ಮ ಮನಸ್ಸು ಬದಲಿಸಿ ಅಲ್ಲಿಯೇ ಉಳಿದರಂತೆ. ಇದನ್ನು ವಾಲಿಯವರೇ ಹೇಳಿಕೊಂಡಿದ್ದಾರೆ. ಯುವಕರಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪ್ರಸಂಗ ಬೇಕೇ?

ಶ್ರುತಿಪೆಟ್ಟಿಗೆ ಅವರ ಉತ್ತರ

ಹಾಡುಗಳ ಪಟ್ಟಿಗೆ ನಾನು ಹೊಸದಾಗಿ ಸೇರಿಸುವುದೇನೂ ಇಲ್ಲ, ಹಾಡಿಸುವ ಬಗ್ಗೆ ಒಂದು ಮಾತಿದೆ. ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವನಾದ್ದರಿಂದ ಪಿ.ಬಿ.ಎಸ್. ಹಾಡುಗಳು ವೇದಿಕೆಯ ಮೇಲೆ ಕೆಡುವುದನ್ನು ಹತ್ತಿರದಿಂದ ನೋಡುತ್ತ ಬಂದಿದ್ದೇನೆ. ಕೆಳಗಿನ ಸ್ವರಗಳು ಕೇಳಿಸುವುದಿಲ್ಲವೆಂದು ಹೆದರಿ ಗಾಯಕರು ಶ್ರುತಿಯನ್ನು ಏರಿಸಿಕೊಳ್ಳುತ್ತಾರೆ. ಏರಿಸಿದೊಡನೆ ಪಲ್ಲವಿ ಸಲೀಸಾಗುತ್ತದೆ, ಚರಣದಲ್ಲಿ ಗಂಟಲು ಬಿಗಿಯುತ್ತದೆ, ಬಿಗಿದ ಗಂಟಲಿನಿಂದ ಬಂದದ್ದು ಪಿ.ಬಿ.ಎಸ್. ಅವರ ಹಾಡಾಗಿ ಉಳಿಯುವುದಿಲ್ಲ. ಆದಷ್ಟೂ ಮೂಲದ ಶ್ರುತಿಯಲ್ಲೇ ಅಭ್ಯಾಸ ಮಾಡಿಸಿ. ದನಿ ಸಾಲದಿದ್ದರೆ ಮೈಕನ್ನು ಬಾಯಿಗೆ ಹತ್ತಿರ ತಂದುಕೊಳ್ಳಲಿ, ವಾದ್ಯಗಳನ್ನು ತಗ್ಗಿಸಲಿ. ರಂಗಗೀತೆಯ ಕಾಲದಲ್ಲಿ ಕೊನೆಯ ಸಾಲಿನವರೆಗೆ ಕೇಳಿಸುವಂತೆ ಹಾಡಬೇಕಿತ್ತು. ಮೈಕು ಬಂದ ಮೇಲೆ ಪಿಸುಮಾತಿನಷ್ಟು ಮೆಲ್ಲಗೆ ಹಾಡಿಯೂ ಎಲ್ಲರನ್ನೂ ತಲುಪಬಹುದೆಂಬುದನ್ನು ಕನ್ನಡದಲ್ಲಿ ಅವರಷ್ಟು ಚೆನ್ನಾಗಿ ತೋರಿಸಿಕೊಟ್ಟವರು ಕಡಿಮೆ. ಆಗಿನ ಧ್ವನಿಮುದ್ರಣದಲ್ಲಿ ಗಾಯಕರೂ ವಾದ್ಯವೃಂದವೂ ಒಟ್ಟಿಗೇ ಹಾಡಿ ನುಡಿಸಬೇಕಿತ್ತು, ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕಿತ್ತು. ಅಂಥ ಒತ್ತಡದಲ್ಲಿಯೂ ಆ ದನಿ ಒಮ್ಮೆಯೂ ಅವಸರಪಟ್ಟಂತೆ ಕೇಳುವುದಿಲ್ಲ.

ಇನ್ನೊಂದು ವಿಷಯ. ಅವರು ಎಂಟು ಭಾಷೆಗಳಲ್ಲಿ ಕವಿತೆ ಬರೆದವರು, ಉರ್ದುವಿನಲ್ಲಿ ಗಜಲ್ ರಚಿಸಿದವರು. ತಲೆಯ ಮೇಲೆ ಪೇಟ, ಜೇಬಿನ ತುಂಬ ಬಣ್ಣಬಣ್ಣದ ಪೆನ್ನುಗಳು. ಚೆನ್ನೈನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕುಳಿತು ಅವರು ಬರೆಯುತ್ತಿದ್ದುದು ಅಲ್ಲಿಗೆ ಹೋಗುತ್ತಿದ್ದವರಿಗೆಲ್ಲ ಪರಿಚಿತ ದೃಶ್ಯ. 2008ರಲ್ಲಿ ಆ ಹೋಟೆಲು ಮುಚ್ಚಿತು, ಈಗ ಆ ಜಾಗದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಗಾಯಕರೆಂದು ಮಾತ್ರ ನೆನೆದರೆ ಈ ಕವಿಗೆ ಅನ್ಯಾಯವಾಗುತ್ತದೆ.

ತಂಗಾಳಿ ಅವರ ಮರುನುಡಿ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಮಂದ್ರ ಅವರು ಹೇಳಿದಂತೆ ‘ಎರಡು ಕನಸು’ ಚಿತ್ರದ ಯುಗಳಗೀತೆಯಿಂದ ಆರಂಭಿಸುವುದೆಂದು ತೀರ್ಮಾನಿಸಿದ್ದೇವೆ. ‘ಬಾಗಿಲನು ತೆರೆದು’ ನಡುವಿನಲ್ಲಿ ಬರುತ್ತದೆ, ಅಷ್ಟು ಹೊತ್ತಿಗೆ ಕಿವಿಗಳು ಸಿದ್ಧವಾಗಿರುತ್ತವೆ. ‘ನಾಗರಹಾವು’ ಚಿತ್ರದ ಎರಡೂ ಹಾಡುಗಳನ್ನು ಒಬ್ಬನೇ ಹುಡುಗ ಹಾಡಲು ಒಪ್ಪಿದ್ದಾನೆ. ಬೇಂದ್ರೆಯವರ ಗೀತೆಗೆ ಇನ್ನೂ ಗಾಯಕರು ಸಿಕ್ಕಿಲ್ಲ, ಸಾಹಿತ್ಯವನ್ನು ನೋಡಿಯೇ ಇಬ್ಬರು ಹಿಂದೆ ಸರಿದರು. ಶ್ರುತಿಪೆಟ್ಟಿಗೆ ಅವರಲ್ಲಿ ಒಂದು ವಿನಂತಿ: ‘ಆಡಿಸಿ ನೋಡು’ ಹಾಡಲಿರುವವನ ಕಂಠ ಸ್ವಭಾವತಃ ಎತ್ತರದ್ದು. ಅವನಿಗೆ ಮೂಲ ಶ್ರುತಿಯನ್ನೇ ಒತ್ತಾಯಿಸಬೇಕೇ, ಸ್ವಲ್ಪ ಏರಿಸಬಹುದೇ?

ಶ್ರುತಿಪೆಟ್ಟಿಗೆ ಅವರ ಉತ್ತರ

ಅರ್ಧ ಸ್ವರ ಏರಿಸಿ, ಹೆಚ್ಚೆಂದರೆ ಒಂದು ಸ್ವರ. ಅದಕ್ಕೂ ಮೊದಲು ಒಂದು ವಾರ ಮೂಲ ಶ್ರುತಿಯಲ್ಲೇ, ವಾದ್ಯವಿಲ್ಲದೆ, ಪಲ್ಲವಿಯನ್ನು ಮಾತಿನಂತೆ ಓದಿಸಿ ಅನಂತರ ಹಾಡಿಸಿ. ಬೇಂದ್ರೆ ಗೀತೆಗೂ ಇದೇ ಕ್ರಮ. ಹಿಂದೆ ಸರಿದ ಇಬ್ಬರನ್ನೂ ಮತ್ತೆ ಕರೆಯಿರಿ, ನಾನು ಭಾನುವಾರ ಸಂಜೆ ಕೀಬೋರ್ಡ್ ತೆಗೆದುಕೊಂಡು ಅಭ್ಯಾಸಕ್ಕೆ ಬರುತ್ತೇನೆ.