ಕಾಯಿಲೆ ಬಿದ್ದವರ ಖರ್ಚು ಯಾರ ಹೊಣೆ?

ಪ್ರಶ್ನೆ:
ಬ್ರಿಟನ್, ಕೆನಡಾ, ಅಮೆರಿಕ ಮೂರೂ ಶ್ರೀಮಂತ ದೇಶಗಳೇ. ಬ್ರಿಟನ್ 1948ರಲ್ಲೇ ತೆರಿಗೆ ಹಣದಿಂದ ಎಲ್ಲರಿಗೂ ಚಿಕಿತ್ಸೆ ಕೊಡಲು ಶುರು ಮಾಡಿತು. ಅಮೆರಿಕದಲ್ಲಿ ಈಗಲೂ ಕೋಟಿಗಟ್ಟಲೆ ಜನರಿಗೆ ವಿಮೆ ಇಲ್ಲ. ಅಲ್ಲಿನ ಜನರ ಮನೋಭಾವವೇ ಹಾಗೆ ಅಂತ ಎಲ್ಲರೂ ಹೇಳುತ್ತಾರೆ. ನಿಜಕ್ಕೂ ಅಷ್ಟೇನಾ?

ಉತ್ತರ 1:
ಅರ್ಧ ನಿಜ. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಎಲ್ಲರಿಗೂ ವಿಮೆ ಅಂದಾಗ ವೈದ್ಯರ ಸಂಘ ಅದಕ್ಕೆ ಸಮಾಜವಾದದ ಹಣೆಪಟ್ಟಿ ಹಚ್ಚಿತು. ಸರ್ಕಾರ ಮನೆಯೊಳಗೆ ಬರಬಾರದು ಅನ್ನುವ ಜನರಿಗೆ ಆ ಭಯ ಬೇಗ ತಟ್ಟಿತು. ಆದರೆ ಅದೇ ದೇಶ 1965ರಲ್ಲಿ 65 ದಾಟಿದವರಿಗೆ ಮೆಡಿಕೇರ್ ಅನ್ನುವ ಸರ್ಕಾರಿ ಆರೋಗ್ಯ ವಿಮೆ ಕೊಟ್ಟಿತು, ಯಾಕೆಂದರೆ ಜೀವನವಿಡೀ ದುಡಿದವರಿಗೆ ಅದು ಸಲ್ಲಬೇಕು ಅನ್ನುವುದನ್ನು ಹೆಚ್ಚಿನವರು ಒಪ್ಪಿದರು. ಅಂದರೆ ಅವರಿಗೆ ಕರುಣೆ ಇಲ್ಲ ಅಂತಲ್ಲ, ಯಾರು ಅರ್ಹರು ಅನ್ನುವಲ್ಲೇ ಜಗಳ. ಇನ್ನೊಂದು ವಿಷಯ: ಎರಡನೇ ಮಹಾಯುದ್ಧದಲ್ಲಿ ಸಂಬಳ ಏರಿಸಲು ಮಿತಿ ಇತ್ತು, ಕಂಪನಿಗಳು ಅದರ ಬದಲು ವಿಮೆ ಕೊಟ್ಟವು. ಹಾಗೆ ಕೆಲಸದ ಜೊತೆ ವಿಮೆ ಸಿಕ್ಕವರು ಆಮೇಲೆ ಯಾವ ಬದಲಾವಣೆ ಬಂದರೂ ಇರುವುದು ಹೋದೀತು ಅಂತ ಹೆದರಿದರು. ಇದನ್ನು ಮೌಲ್ಯ ಅನ್ನಬೇಕೋ, ಅಭ್ಯಾಸ ಅನ್ನಬೇಕೋ!

ಉತ್ತರ 2:
ಮೌಲ್ಯ ಮೊದಲು, ಕಾನೂನು ಆಮೇಲೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯ 1962ರಲ್ಲಿ ಎಲ್ಲರಿಗೂ ಸರ್ಕಾರಿ ವಿಮೆ ತಂದಾಗ ವೈದ್ಯರು 23 ದಿನ ಮುಷ್ಕರ ಹೂಡಿದರು, ವಿರೋಧಿಸಿ ಬೀದಿಗಿಳಿದ ಜನರೂ ಇದ್ದರು. ಸರ್ಕಾರ ಯೋಜನೆ ಕೈಬಿಡಲಿಲ್ಲ. ಈಗ ಅದೇ ವ್ಯವಸ್ಥೆ ಕೆನಡಾದವರ ಹೆಮ್ಮೆ. ಕಾರ್ಡ್ ತೋರಿಸಿ ಡಾಕ್ಟರ ಹತ್ತಿರ ಹೋಗುವುದು ರೂಢಿಯಾದ ಮೇಲೆ, ಪಕ್ಕದಲ್ಲಿ ಕುಳಿತವನ ಖರ್ಚೂ ನಮ್ಮೆಲ್ಲರದ್ದು ಅನ್ನುವುದು ಸಹಜವಾಗಿಬಿಡುತ್ತದೆ.

ಉತ್ತರ 3:
ಸ್ವಿಟ್ಜರ್ಲೆಂಡ್ ಕೂಡ ನೋಡಿ. 1994ರಲ್ಲಿ ಜನಮತದಲ್ಲಿ ವಿಮೆ ಎಲ್ಲರಿಗೂ ಕಡ್ಡಾಯ ಅಂತ ಒಪ್ಪಿದರು. 2014ರಲ್ಲಿ ಹಲವು ಖಾಸಗಿ ಕಂಪನಿಗಳ ಬದಲು ಸರ್ಕಾರದ್ದೇ ಒಂದು ವಿಮೆ ಸಾಕಾ ಅಂತ ಕೇಳಿದಾಗ ಸುಮಾರು 62% ಜನ ಬೇಡ ಅಂದರು. ಎಲ್ಲರನ್ನೂ ಸೇರಿಸಬೇಕು, ಆದರೆ ಆಯ್ಕೆ ನನ್ನದಿರಲಿ. ಎರಡೂ ಆಸೆ ಒಂದೇ ಜನರಲ್ಲಿ ಇರುತ್ತವೆ, ಅಲ್ವಾ? ಒಂದು ದೇಶಕ್ಕೆ ಒಂದೇ ಮೌಲ್ಯ ಅಂತ ಬರೆಯುವವರು ಇದನ್ನು ಬಿಟ್ಟುಬಿಡುತ್ತಾರೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ನನ್ನನ್ನು ಕಾಡುವ ಭಾಗ ಇದು: ಎಲ್ಲರನ್ನೂ ಸೇರಿಸಿದ ಮೇಲೂ ಹಣ ಸಾಲುವುದಿಲ್ಲ. ತುಂಬಾ ದುಬಾರಿ ಔಷಧಿ ಯಾರಿಗೆ, ಸರದಿಯಲ್ಲಿ ಯಾರು ಕಾಯಬೇಕು? ಬ್ರಿಟನ್‌ನಲ್ಲಿ ಇದನ್ನು ತೂಗಿ ನೋಡಲು 1999ರಿಂದ ನೈಸ್ ಅನ್ನುವ ಸಂಸ್ಥೆಯೇ ಇದೆ. ಬೇರೆ ದೇಶಗಳಲ್ಲಿ ಇದನ್ನು ಯಾರು ನಿರ್ಧರಿಸುತ್ತಾರೆ, ಕಾಯಿಲೆಯವರ ಮಾತಿಗೆ ಅಲ್ಲಿ ಜಾಗ ಇದೆಯಾ? ಗೊತ್ತಿದ್ದವರು ಬರೆಯಿರಿ.