ಮಕ್ಕಳಿಗೆ ಜ್ಞಾನಸ್ನಾನ (ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರ) ಯಾವ ವಯಸ್ಸಿಗೆ? ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ವಿನೋಬನಗರದ ಅಪ್ಪ:
ನಾನು ಹುಟ್ಟಾ ಕ್ಯಾಥೊಲಿಕ್. ಹೆಂಡತಿಯ ತವರು ಪೆಂಟೆಕಾಸ್ಟಲ್, ಅಲ್ಲಿ ಕೂಸಿಗೆ ಕೊಡುವುದಿಲ್ಲ, ತಾನಾಗಿ ನಂಬಿಕೆ ಹೇಳಿದ ಮೇಲೆಯೇ. ಮಗಳಿಗೆ ಏಳು ತುಂಬಿ ಎರಡು ತಿಂಗಳಾಯಿತು, ಮಗನಿಗೆ ಐದು ತಿಂಗಳು. ಇಬ್ಬರಿಗೂ ಆಗಿಲ್ಲ. ಮಗಳು ಹುಟ್ಟಿದಾಗ ಜಗಳ ಬೇಡ ಅಂತ ಮುಂದೂಡಿದೆವು, ಅದು ಹಾಗೇ ಉಳಿಯಿತು. ಈಗ ಅಮ್ಮ "ನಾನು ಕಣ್ಣು ಮುಚ್ಚೋದರೊಳಗೆ ಮಾಡಿಸು" ಅನ್ನುತ್ತಾರೆ. ಅತ್ತೆ "ಮಗು ತಾನಾಗಿ ಕೇಳಲಿ" ಅನ್ನುತ್ತಾರೆ. ಇಬ್ಬರಿಗೂ ಒಂದೇ ದಿನ ಮಾಡಿಸಬಹುದಾ? ಮಗಳಿಗೆ ಬೇರೆ ಕ್ರಮ ಇದೆಯಾ? ಅನುಭವ ಇದ್ದವರು ಹೇಳಿ. ದಯವಿಟ್ಟು ಜಗಳ ಬೇಡ.

ತೀರ್ಥಹಳ್ಳಿ ತೋಟದವಳು:
ವಯಸ್ಸು ಆಮೇಲೆ ನೋಡಿ ಸರ್, ಮೊದಲು ತಿಂಗಳು ನೋಡಿ. ನಮ್ಮ ಮಗನಿಗೆ 40 ದಿನ ತುಂಬುವುದರೊಳಗೆ ಆಗಬೇಕು ಅಂತ ಅತ್ತೆಯವರ ಹಟ. ಹುಟ್ಟಿದ್ದು ಜೂನ್‌ನಲ್ಲಿ. ಜುಲೈ ಮೂರನೇ ಭಾನುವಾರ ಇಟ್ಟುಕೊಂಡೆವು. ಶಾಮಿಯಾನ 9,500. ಅದರ ಮೇಲೆ ಹೊದಿಸಲು ಟಾರ್ಪಾಲಿನ್ ಕೊಂಡದ್ದು 3,200. ಕರೆಂಟು ಹೋಗಿ ಮೂರು ದಿನ ಆಗಿತ್ತು, ಜನರೇಟರಿಗೆ 4,000, ಡೀಸೆಲ್ ಬೇರೆ. 140 ಜನರಿಗೆ ಹೇಳಿದ್ದೆವು, ಬಂದವರು 62. ಹಂದಿಮಾಂಸ 35 ಕೆ.ಜಿ. ತರಿಸಿದ್ದೆವು. ಫ್ರಿಜ್ ಇಲ್ಲದ ಮನೆಯಲ್ಲಿ ಅಷ್ಟು ಮಾಂಸ ಉಳಿದರೆ ಏನು ಮಾಡುತ್ತೀರಿ? ಉಪ್ಪಿನಕಾಯಿ ಹಾಕಿದೆವು, ದೀಪಾವಳಿಯವರೆಗೂ ತಿಂದೆವು.

ಅದೂ ಹೋಗಲಿ. ಜ್ಞಾನತಾಯಿ, ಅಂದರೆ ಸ್ನಾನದ ಹೊತ್ತಿಗೆ ಮಗುವಿನ ಪರವಾಗಿ ನಿಲ್ಲುವವಳು, ಆಗಬೇಕಿದ್ದವಳು ನನ್ನ ತಂಗಿ. ಬೆಳಿಗ್ಗೆ ಕಾಲುಸಂಕ ಮುಳುಗಿತು. ಅವಳು ರೇಷ್ಮೆ ಸೀರೆ ಉಟ್ಟು, ಕೊಡೆ ಹಿಡಿದು ಹಳ್ಳದ ಆಚೆ ನಿಂತಿದ್ದಾಳೆ, ನಾವು ಈಚೆ. ಫಾದರಿಗೆ ಹತ್ತೂವರೆಗೆ ಇನ್ನೊಂದು ಊರಿನಲ್ಲಿ ಪೂಜೆ, ಕಾಯುವ ಹಾಗಿಲ್ಲ. ಕೊನೆಗೆ ನನ್ನ ವಾರಗಿತ್ತಿ ನಿಂತಳು. ಅವಳಿಗೂ ನನಗೂ ಅಡಿಕೆ ಸುಲಿಯುವ ಮಷಿನ್ನಿನ ವಿಷಯದಲ್ಲಿ ಆಗಲೇ ಮಾತಿರಲಿಲ್ಲ. ಈಗ ರಿಜಿಸ್ಟರಿನಲ್ಲಿ ಶಾಶ್ವತವಾಗಿ ಅವಳ ಹೆಸರು. ತಂಗಿ ಇವತ್ತಿಗೂ "ನಿನಗೆ ಒಂದು ವಾರ ಕಾಯೋಕೆ ಆಗಲಿಲ್ಲ" ಅನ್ನುತ್ತಾಳೆ. ಹಾಗಾಗಿ ಮಳೆಗಾಲ ಬೇಡ.

ತುಂಗೆಯಲ್ಲಿ ಮುಳುಗಿದವ:
ಊಟದ ಲೆಕ್ಕ ಓದಿ ಸಂತೋಷವಾಯಿತು. ಸ್ನಾನದ ಬಗ್ಗೆ ಯಾರಾದರೂ ಮಾತಾಡೋಣವಾ?

ನಾನು ಕೂಸಾಗಿದ್ದಾಗ ನನಗೂ ಸಿ.ಎಸ್.ಐ. (ಒಂದು ಪ್ರೊಟೆಸ್ಟಂಟ್ ಪಂಗಡ) ಸಭೆಯಲ್ಲಿ ನೀರು ಹಾಕಿದ್ದರಂತೆ. ಅಂತೆ! ನನಗೆ ಗೊತ್ತೇ ಇಲ್ಲದ ಸಂಗತಿ ಅದು. ನಿಜವಾದ ದೀಕ್ಷಾಸ್ನಾನ (ನೀವು ಜ್ಞಾನಸ್ನಾನ ಅನ್ನುವುದಕ್ಕೆ ನಮ್ಮ ಹೆಸರು) ಆದದ್ದು 34ನೇ ವಯಸ್ಸಿಗೆ. ಜನವರಿ, ಬೆಳಿಗ್ಗೆ ಆರೂವರೆ, ತುಂಗೆಯ ಮೇಲೆ ಮಂಜು. ಎದೆಮಟ್ಟ ನೀರಿನಲ್ಲಿ ನಿಂತಾಗ ಹಲ್ಲು ಕಟಕಟ ಅನ್ನುತ್ತಿತ್ತು. ಪಾಸ್ಟರ್ "ನಂಬುತ್ತೀಯಾ?" ಅಂತ ಕೇಳಿದರು. "ನಂಬುತ್ತೇನೆ" ಎಂದವನು ನಾನು, ನನ್ನ ಪರವಾಗಿ ನಮ್ಮ ಚಿಕ್ಕಮ್ಮ ಅಲ್ಲ. ಯೇಸುಸ್ವಾಮಿ ದೀಕ್ಷಾಸ್ನಾನಕ್ಕೆ ಯೊರ್ದನ್ ನದಿಯಲ್ಲಿ ಇಳಿದಾಗ ಸುಮಾರು 30 ವರ್ಷ, ಲೂಕ 3:23 ನೋಡಿ.

ಅದಕ್ಕೆ ಕೊಟ್ಟ ಬೆಲೆಯನ್ನೂ ಹೇಳುತ್ತೇನೆ. ಅಪ್ಪ ಆರು ವರ್ಷ ಮಾತು ಬಿಟ್ಟರು. "ನಾನು ಮಾಡಿಸಿದ್ದು ಸುಳ್ಳಾ?" ಅಂತ ಒಂದೇ ಪ್ರಶ್ನೆ. ಆಮೇಲೆ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಹಿರೀಮಗನಾದ ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಒಂದು ಹಿಡಿ ಮಣ್ಣು ಹಾಕಿ ಬಂದೆ. ಆದರೂ ಹೇಳುತ್ತೇನೆ, ಕೂಸಿಗೆ ಮಾಡಿಸುವುದು ಅಪ್ಪ ಅಮ್ಮನ ಸಮಾರಂಭ. ಬೇಕಿದ್ದರೆ ನಿಮ್ಮ ಅತ್ತೆಯವರ ಸಭೆಯಲ್ಲಿ ಮಗುವನ್ನು ದೇವರಿಗೆ ಸಮರ್ಪಣೆ ಮಾಡಿಸಿ. ನೀರಿಗೆ ಕಾಯಿರಿ.

ಭದ್ರಾವತಿ ಅವಳಿ ಅಮ್ಮ:
"ನೀರಿಗೆ ಕಾಯಿರಿ". ಎಷ್ಟು ಸುಲಭವಾಗಿ ಬರೆದುಬಿಟ್ಟಿರಿ.

ನನಗೆ 28 ವಾರಕ್ಕೆ ಹೆರಿಗೆಯಾಯಿತು. ಅವಳಿ ಗಂಡು. ಒಬ್ಬ 1,060 ಗ್ರಾಂ, ಇನ್ನೊಬ್ಬ 890. ಆಂಬುಲೆನ್ಸಿನಲ್ಲಿ ಆಗುಂಬೆ ಘಾಟಿಯ 14 ತಿರುವು ಇಳಿಸಿಕೊಂಡು ಕರಾವಳಿಯ ಆಸ್ಪತ್ರೆಗೆ ಹೋದೆವು. ಮೂರನೇ ರಾತ್ರಿ ಒಂದು ಗಂಟೆಗೆ ಚಿಕ್ಕವನು ಉಳಿಯುವುದಿಲ್ಲ ಎಂದರು ಡಾಕ್ಟರು. ನಮ್ಮ ಫಾದರಿಗೆ ಫೋನ್ ಮಾಡಿದೆವು. ಬರುವಷ್ಟು ಹೊತ್ತಿಲ್ಲ, ಪ್ರಾಣಾಪಾಯದಲ್ಲಿ ಯಾರು ಬೇಕಾದರೂ ಕೊಡಬಹುದು, ಕೊಡುವವರು ಕ್ರೈಸ್ತರೇ ಆಗಿರಬೇಕಿಲ್ಲ, ಚರ್ಚ್ ಏನು ಮಾಡುತ್ತದೋ ಅದನ್ನೇ ಮಾಡುತ್ತೇನೆ ಅನ್ನುವ ಮನಸ್ಸಿದ್ದರೆ ಸಾಕು ಎಂದರು. ನನ್ನನ್ನು ಒಳಗೆ ಬಿಡುವ ಸ್ಥಿತಿಯಿರಲಿಲ್ಲ. ಡ್ಯೂಟಿಯಲ್ಲಿದ್ದ ಸಿಸ್ಟರ್ ಹಿಂದೂ ಹುಡುಗಿ. ಅವಳೇ ಕೈ ತೊಳೆದು, ಆಂಪೂಲ್ ಒಡೆದು, ಸೂಜಿ ತೆಗೆದ 2 ಎಂ.ಎಲ್. ಸಿರಿಂಜಿನಲ್ಲಿ ನೀರು ತುಂಬಿ, ಆ ಗಾಜಿನ ಪೆಟ್ಟಿಗೆಯ ದುಂಡು ಕಿಂಡಿಯಿಂದ ಕೈ ಹಾಕಿದಳು. ನನ್ನ ಗಂಡ ಬಾಗಿಲಲ್ಲಿ ಒಂದೊಂದೇ ಪದ ಹೇಳಿದರು. ಅವಳು "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ" ಅಂತ ಒತ್ತಕ್ಷರ ತಪ್ಪದಂತೆ ಹೇಳಿ ಮೂರು ಸಲ ಹಣೆಯ ಮೇಲೆ ನೀರು ಬಿಟ್ಟಳು. ಹತ್ತಿಯಲ್ಲಿ ಒರೆಸಿದಳು. ಬೆಳಗಾಗುವ ಮೊದಲು ಮಗು ಹೋಯಿತು.

ಅವನಿಗೆ ಹೆಸರಿದೆ. ಚರ್ಚಿನ ಪುಸ್ತಕದಲ್ಲಿ ದಾಖಲಾಗಿದೆ. ದೊಡ್ಡವನು ಈಗ ನಾಲ್ಕನೇ ಕ್ಲಾಸು. 51 ದಿನದ ಬಿಲ್ಲು 6,40,000, ನನ್ನ ಬಳೆ, ಮನೆಯವರ ಪಿ.ಎಫ್. ಎಲ್ಲ ಹೋಯಿತು. ಅದಕ್ಕೆ ಬೇಜಾರಿಲ್ಲ.

ತುಂಗೆಯಲ್ಲಿ ಮುಳುಗಿದವ:
ಅಕ್ಕ, ನಿಮ್ಮ ನೋವಿನ ಮುಂದೆ ಮಾತಿಲ್ಲ. ಆದರೆ ಆ ನೀರಿಲ್ಲದಿದ್ದರೂ ದೇವರು ಆ ಕೂಸನ್ನು ಬಿಡುತ್ತಿದ್ದನಾ? ನಂಬಿಕೆಯಿಲ್ಲದೆ ಮೂರು ಹನಿ ನೀರು ಬಿಟ್ಟರೆ ಅದು ದೀಕ್ಷಾಸ್ನಾನ ಆಗುವುದಿಲ್ಲ ಅಂತಷ್ಟೇ ನಾನು ಹೇಳಿದ್ದು.

ಭದ್ರಾವತಿ ಅವಳಿ ಅಮ್ಮ:
"ಆದರೆ" ಅನ್ನುವ ಪದ ಇಲ್ಲಿ ಬೇಕಿತ್ತಾ? ನಿಮ್ಮ ಅಪ್ಪ ಯಾಕೆ ಮಾತು ಬಿಟ್ಟರು ಅಂತ ನನಗೆ ಈಗ ಗೊತ್ತಾಯಿತು.

ಸಾಗರದ ಮೇಷ್ಟ್ರು:
ಇಬ್ಬರೂ ಸ್ವಲ್ಪ ನೀರು ಕುಡಿಯಿರಿ. ಹಿಂದೆ ಅಜ್ಜಿಯರು ಸ್ನಾನ ಆಗದೆ ಸತ್ತ ಕೂಸು ಸ್ವರ್ಗವೂ ಅಲ್ಲದ, ನರಕವೂ ಅಲ್ಲದ ಲಿಂಬೋ ಎಂಬ ಜಾಗಕ್ಕೆ ಹೋಗುತ್ತದೆ ಅಂತ ಹೆದರಿಸುತ್ತಿದ್ದರು. 2007ರಲ್ಲಿ ರೋಮಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವೇ, ಅಂಥ ಮಕ್ಕಳೂ ದೇವರ ಬಳಿ ಸೇರುತ್ತಾರೆ ಎಂದು ಭರವಸೆ ಇಡಲು ಕಾರಣಗಳಿವೆ ಅಂತ ಹೇಳಿದೆ. ಹಾಗಂತ ತಡ ಮಾಡಿ ಅಂತ ಹೇಳಿಲ್ಲ. ಹುಟ್ಟಿದ ಮೊದಲ ಕೆಲವು ವಾರಗಳಲ್ಲೇ ಮಾಡಿಸಿ ಎಂಬುದು ಈಗಲೂ ಕ್ಯಾಥೊಲಿಕ್ ಸಭೆಯ ನಿಯಮ.

ನಾನು 30 ವರ್ಷ ಭಾನುವಾರದ ಧರ್ಮೋಪದೇಶ ತರಗತಿ ನಡೆಸಿದವನು. ಏಳು ತುಂಬಿದ ಮಗುವನ್ನು ಈ ವಿಷಯದಲ್ಲಿ ದೊಡ್ಡವರ ಸಾಲಿಗೆ ಸೇರಿಸುತ್ತಾರೆ. ಪಾಠ ಆಗಬೇಕು, ಮಗುವಿಗೇ ಮನಸ್ಸಿರಬೇಕು. ನನ್ನ ಕ್ಲಾಸಿನಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬನಿದ್ದ. ವರ್ಷವಿಡೀ ಕಲಿತ, ಪ್ರಾರ್ಥನೆಯೆಲ್ಲ ಬಾಯಿಪಾಠ. ಹಿಂದಿನ ದಿನ "ನನಗೆ ಬೇಡ ಸಾರ್" ಎಂದ. ಅಪ್ಪ ಬೆಲ್ಟು ತೆಗೆದ. ನಾನು ಫಾದರಿಗೆ ಹೇಳಿ ನಿಲ್ಲಿಸಿದೆ. ಅವರ ಮನೆಯವರು ನನ್ನ ಮಗಳ ಮದುವೆಗೂ ಬರಲಿಲ್ಲ. ನಾನು ಮಾಡಿದ್ದು ಸರಿ ಅಂತಲೇ ಇವತ್ತಿಗೂ ನನ್ನ ಲೆಕ್ಕ.

ತುಂಗೆಯಲ್ಲಿ ಮುಳುಗಿದವ:
ಅಲ್ಲಿಗೆ ಮಗುವಿನ ಒಪ್ಪಿಗೆ ಬೇಕು ಅಂತ ನೀವೇ ಹೇಳಿದ ಹಾಗಾಯಿತು. ಕ್ರಿ.ಶ. 200ರ ಹೊತ್ತಿಗೇ ತೆರ್ತುಲ್ಲಿಯನ್ ಎಂಬ ಆದಿಕಾಲದ ಕ್ರೈಸ್ತ ಲೇಖಕ ಚಿಕ್ಕಮಕ್ಕಳಿಗೆ ತಡ ಮಾಡಿ ಅಂತ ಬರೆದಿದ್ದಾನೆ.

ಸಾಗರದ ಮೇಷ್ಟ್ರು:
ಮಾಡುತ್ತಿರಲಿಲ್ಲ ಅಂದಮೇಲೆ ತಡ ಮಾಡಿ ಅಂತ ಯಾಕೆ ಬರೆಯಬೇಕಿತ್ತು? ಆಗಲೇ ಮಕ್ಕಳಿಗೆ ಕೊಡುತ್ತಿದ್ದರು ಅನ್ನುವುದಕ್ಕೆ ಅವನೇ ಸಾಕ್ಷಿ. ಪ್ರೇಷಿತರ ಕಾರ್ಯಕಲಾಪಗಳು 16 ಓದಿ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಮನೆಮಂದಿಯೆಲ್ಲರ ಜೊತೆ ಸ್ನಾನ ಪಡೆದ.

ತುಂಗೆಯಲ್ಲಿ ಮುಳುಗಿದವ:
ನಮ್ಮ ಬೈಬಲಿನಲ್ಲಿ ಅದು ಅಪೊಸ್ತಲರ ಕೃತ್ಯಗಳು. ಮುಂದಿನ ವಚನದಲ್ಲಿ ಮನೆಯವರೆಲ್ಲ ಸಂತೋಷಪಟ್ಟರು ಅಂತಿದೆ. ತೊಟ್ಟಿಲಲ್ಲಿರುವ ಕೂಸು ಯಾವ ವಿಷಯಕ್ಕೆ ಸಂತೋಷಪಡುತ್ತದೆ?

ತೀರ್ಥಹಳ್ಳಿ ತೋಟದವಳು:
ನಮ್ಮವನು ನೀರು ಬಿದ್ದ ಕೂಡಲೇ ನಕ್ಕಿದ್ದ. ವಿಡಿಯೊ ಇದೆ.

ರಿಪ್ಪನ್‌ಪೇಟೆ ಶುಂಠಿ:
ನಾವು ಕೇರಳದಿಂದ ಬಂದ ಸಿರಿಯನ್ ಆರ್ಥೊಡಾಕ್ಸ್. ನಮ್ಮಲ್ಲಿ ಈ ತಲೆನೋವೇ ಇಲ್ಲ. ಕೂಸಿಗೆ ಸ್ನಾನ, ಮೂರೋನ್ ಎಂಬ ಪವಿತ್ರ ಎಣ್ಣೆಯ ಅಭಿಷೇಕ, ಪ್ರಸಾದ ಮೂರೂ ಒಂದೇ ದಿನ. ನನ್ನ ಮಗಳಿಗೆ ಎಣ್ಣೆ ಹಚ್ಚಿ ಹಿಡಿದಾಗ ಕೈಯಿಂದ ಜಾರಿ ಬೀಳುವುದರಲ್ಲಿದ್ದಳು. ಖರ್ಚು 48,000, ಆ ವರ್ಷ ಶುಂಠಿಗೆ ಒಳ್ಳೆ ರೇಟು ಇತ್ತು. ಎರಡನೆಯವನ ವರ್ಷ ಕೊಳೆರೋಗ ಬಂದು ನಾಲ್ಕು ಎಕರೆ ಹೋಯಿತು, ಬರೀ ಕೇಕು, ಚಹಾ.

ಹೊಸನಗರದ ಸೊಸೆ:
ಒಂದೇ ದಿನ ಮೂರೂ ಮುಗಿಸಿದ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು.

ನನ್ನ ಅಪ್ಪ ಅಮ್ಮ "ದೊಡ್ಡವಳಾದ ಮೇಲೆ ಅವಳೇ ಆರಿಸಿಕೊಳ್ಳಲಿ" ಅಂದವರು. ಕೇಳಲು ಚೆಂದ. 26ಕ್ಕೆ ಕ್ಯಾಥೊಲಿಕ್ ಹುಡುಗ ಸಿಕ್ಕಿದ. ಹತ್ತೊಂಬತ್ತಕ್ಕೆ ಒಂದು ಚಿಕ್ಕ ಸಭೆಯಲ್ಲಿ ನೀರಿಗಿಳಿದಿದ್ದೆ, ಆ ಸರ್ಟಿಫಿಕೇಟು ತೋರಿಸಿದೆ. ನೀರಿನಲ್ಲಿ, ತಂದೆ ಮಗ ಪವಿತ್ರಾತ್ಮರ ಹೆಸರಿನಲ್ಲಿ ಆಗಿದ್ದರೆ ಬೇರೆ ಸಭೆಯ ಸ್ನಾನವನ್ನೂ ಒಪ್ಪುತ್ತಾರೆ, ಮತ್ತೆ ಕೊಡುವುದಿಲ್ಲ. ನನ್ನದು ಬರೀ ಯೇಸುವಿನ ಹೆಸರಿನಲ್ಲಿ. ನಡೆಯುವುದಿಲ್ಲ ಎಂದರು. ಆ ಪಾಸ್ಟರ್ ಹತ್ತಿರ ಪತ್ರ ತರಲು ನಾಲ್ಕು ಸಲ ಓಡಾಡಿದೆ. ಒಂದು ಸಲ ಅವರು ಊರಲ್ಲಿಲ್ಲ, ಒಂದು ಸಲ ಸೀಲಿಲ್ಲ. ಆಮೇಲೆ ಪ್ರತಿ ಭಾನುವಾರ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಪಾಠಕ್ಕೆ. ಸ್ನಾನ ಈಸ್ಟರ್ ಜಾಗರಣೆಯ ರಾತ್ರಿಯೇ ಎಂದರು. ಫೆಬ್ರವರಿಯ ಮದುವೆ ಮೇ ತಿಂಗಳಿಗೆ ಹೋಯಿತು. ಮದುವೆ ಛತ್ರದವನು 25,000 ಅಡ್ವಾನ್ಸು ವಾಪಸ್ ಕೊಡಲಿಲ್ಲ. ಆ ರಾತ್ರಿ ಸಾಲಿನಲ್ಲಿ ನನ್ನ ಮುಂದೆ ಒಂಬತ್ತು ವರ್ಷದ ಹುಡುಗಿ, ಹಿಂದೆ 60ರ ಅಜ್ಜ. ಕೈಯಲ್ಲಿ ಮೇಣದ ಬತ್ತಿ ಹಿಡಿದು ನಿಂತಾಗ ಮಾತ್ರ ಅಳು ಬಂತು, ನಿಜ ಹೇಳಬೇಕಲ್ವಾ.

ತುಂಗೆಯಲ್ಲಿ ಮುಳುಗಿದವ:
ಅಳು ಬಂದದ್ದು ನೀವು ತಿಳಿದು ತೆಗೆದುಕೊಂಡದ್ದಕ್ಕೆ. ನಾನು ಹೇಳುವುದೂ ಅದನ್ನೇ.

ಹೊಸನಗರದ ಸೊಸೆ:
ಹೋದ 25,000ಕ್ಕೂ ಇರಬಹುದು. ನನ್ನ ಅಳುವನ್ನು ನಿಮ್ಮ ವಾದಕ್ಕೆ ಎಳೆಯಬೇಡಿ.

ವಿನೋಬನಗರದ ಅಪ್ಪ:
ಎಲ್ಲರಿಗೂ ಥ್ಯಾಂಕ್ಸ್. ಜಗಳ ಬೇಡ ಅಂದಿದ್ದೆ, ಇರಲಿ. ಫಾದರನ್ನು ಕಂಡೆ. ಮಗನಿಗೆ ನಮ್ಮಿಬ್ಬರಲ್ಲಿ ಒಬ್ಬರ ಒಪ್ಪಿಗೆ ಇದ್ದರೂ ನಡೆಯುತ್ತದಂತೆ, ಆದರೆ ಹೆಂಡತಿಯನ್ನು ಬಿಟ್ಟು ಮಾಡಿಸುವ ಮನಸ್ಸು ನನಗಿಲ್ಲ. ಅವಳು ಒಪ್ಪಿದ್ದಾಳೆ, ಅತ್ತೆಗೆ ಇನ್ನೂ ಹೇಳಿಲ್ಲ. ಜ್ಞಾನತಂದೆಗೆ 16 ತುಂಬಿರಬೇಕು, ದೃಢೀಕರಣ (ಸ್ನಾನದ ನಂತರ ನಂಬಿಕೆಯನ್ನು ಗಟ್ಟಿಮಾಡುವ ಸಂಸ್ಕಾರ) ಆಗಿರಬೇಕು. ಹೆಂಡತಿಯ ಅಣ್ಣ ಕ್ಯಾಥೊಲಿಕ್ ಅಲ್ಲ, ಹಾಗಾಗಿ ಸಾಕ್ಷಿಯಾಗಿ ಮಾತ್ರ ಪಕ್ಕದಲ್ಲಿ ನಿಲ್ಲಬಹುದು. ಮಗಳನ್ನು ಪಾಠಕ್ಕೆ ಸೇರಿಸಿದೆ. ಎರಡು ವಾರ ಹೋದಳು. ನಿನ್ನೆ "ತಮ್ಮಂಗೆ ಹಾಕೋ ನೀರೇ ನಂಗೂ ಹಾಕ್ತಾರಾ, ಬೇರೆ ಹಾಕ್ತಾರಾ?" ಅಂತ ಕೇಳಿದಳು. ಬೇರೆ ಬೇಕಂತೆ. ಅವಳದು ಮುಂದಿನ ವರ್ಷ ಆಗಬಹುದು. ಮಗನದು ಜೂನ್ ಕೊನೆಯ ಭಾನುವಾರ.

ತೀರ್ಥಹಳ್ಳಿ ತೋಟದವಳು:
ಜೂನ್ ಕೊನೆ? ನಾನು ಅಷ್ಟುದ್ದ ಬರೆದದ್ದು ಯಾರಿಗೆ?

ವಿನೋಬನಗರದ ಅಪ್ಪ:
ಅಮ್ಮನ ಹಟ ಮೇಡಂ.

ತೀರ್ಥಹಳ್ಳಿ ತೋಟದವಳು:
ಸರಿ ಬಿಡಿ. ಆ ಟಾರ್ಪಾಲಿನ್ ನಮ್ಮ ಅಟ್ಟದಲ್ಲೇ ಇದೆ, 30 ಅಡಿಗೆ 24. ಒಂದು ಮೂಲೆ ಇಲಿ ಕಡಿದಿದೆ ಅಷ್ಟೇ. ಯಾರನ್ನಾದರೂ ಕಳಿಸಿ. ಅಡಿಕೆ ಕೊಯ್ಲಿಗೆ ಮೊದಲು ವಾಪಸ್ ಬಂದರೆ ಸಾಕು.